ತೋರಣವಾಡಿ ಇಗರ್ಜಿಯ ಬಿದ್ದ ಗೋಡೆ

ಅಲ್ಲಾಭಕ್ಷ ಗೌಂಡಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರು. ಊರಿಗೆಲ್ಲ ಗೊತ್ತಿರುವ ಸಂಗತಿ. ಖಾನಾಪುರದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇವತ್ತಿಗೂ ಅವನ ಫೋಟೊ ಬಂದಿದ್ದ ಪೇಪರು ತೆಗೆದು ತೋರಿಸುತ್ತಾರೆ. ಆದರೆ ಆ ಶಾಲು ಎಲ್ಲಿದೆ ಅಂತ ಅವನ ಮನೆಗೆ ಹೋಗಿ ಮಾತ್ರ ಕೇಳಬೇಡಿ. ಕೇಳಿದರೆ ಅವನ ಹೆಂಡತಿ ನಸೀಬಾ ನಿಮ್ಮ ಕೈಗೆ ಕೊಟ್ಟ ಚಹಾದ ಕಪ್ಪನ್ನು ವಾಪಸು ಇಸಿದುಕೊಂಡಾಳು. ಅವಳ ತಪ್ಪಲ್ಲ ಅದು. ನಡೆದದ್ದು ಕೇಳಿದರೆ ನಿಮಗೂ ಹಾಗೇ ಅನಿಸುತ್ತದೆ.

ಅಲ್ಲಾಭಕ್ಷನದು ಸುಣ್ಣದ ಗಾರೆಯಲ್ಲಿ ಗೋಡೆ ಕಟ್ಟುವ ಗೌಂಡಿಗಳ ಮನೆತನ. ಅವನ ಅಪ್ಪ ದಸ್ತಗೀರಸಾಬ ಗೌಂಡಿ ಅಂದರೆ ಖಾನಾಪುರದಿಂದ ಗೋವೆಯ ಗಡಿಯ ತನಕ ಗೊತ್ತಿಲ್ಲದವರಿರಲಿಲ್ಲ. ಮಠವಿರಲಿ, ಮಸೀದಿಯಿರಲಿ, ದೇಸಾಯರ ವಾಡೆಯಿರಲಿ, ಗೋಡೆ ಏಳಬೇಕಾದರೆ ಅವನ ಗಾಣ ಬರಬೇಕು. ಕಲ್ಲಿನ ದೊಡ್ಡ ಗಾಲಿಗೆ ಎತ್ತು ಕಟ್ಟಿ, ಅರಳಿಸಿದ ಸುಣ್ಣವನ್ನೂ ಮರಳನ್ನೂ ದಿನಗಟ್ಟಲೆ ಅರೆಯುವ ಗಾಣ ಅದು. ಅರೆಯುವಾಗ ಬೆಲ್ಲದ ನೀರು ಬೀಳುತ್ತಿರಬೇಕು. ಆಳುಗಳು ಬೆಲ್ಲ ತಿಂದುಬಿಟ್ಟಾರು ಅಂತ ದಸ್ತಗೀರಸಾಬ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕಾವಲು ಕೂರುತ್ತಿದ್ದ. ಕೂತವನೇ ಒಂದೊಂದು ಚೂರು ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಓದು ಬರಹ ಅಪ್ಪನಿಗೂ ಇರಲಿಲ್ಲ, ಮಗನಿಗೂ ಹತ್ತಲಿಲ್ಲ.

ತೋರಣವಾಡಿ ಖಾನಾಪುರದಿಂದ ಕಾಡಿನ ಕಡೆಗೆ ಒಂದು ತಾಸಿನ ಬಸ್ಸಿನ ದಾರಿ. ಕೊಂಕಣಿ ಮಾತಾಡುವ ಕ್ರೈಸ್ತರ ಎಂಬತ್ತು ಮನೆ ಅಲ್ಲಿವೆ. ಚರ್ಚಿಗೆ ಅವರು ಇಗರ್ಜಿ ಅನ್ನುತ್ತಾರೆ. ಅದು ಮೊದಮೊದಲು ಹುಲ್ಲಿನ ಚಪ್ಪರವಾಗಿತ್ತು, ಆಮೇಲೆ ಮಣ್ಣಿನ ಗೋಡೆಯ ಮೇಲೆ ನಾಡಹೆಂಚು ಬಂತು. 1956ರಲ್ಲಿ ಊರವರು ಗಟ್ಟಿ ಮನಸ್ಸು ಮಾಡಿ ಜಂಬಿಟ್ಟಿಗೆಯ ಕೆಂಪು ಕಲ್ಲು ಕಡಿಸಿ, ತಮ್ಮ ತಮ್ಮ ಚಕ್ಕಡಿಯಲ್ಲಿ ಹೇರಿ ತಂದು ಒಟ್ಟಿದರು. ಕಟ್ಟಲು ದಸ್ತಗೀರಸಾಬ ಬಂದ. ಎರಡು ವರ್ಷ ಅಲ್ಲೇ ಗುಡಿಸಲು ಹಾಕಿಕೊಂಡು ಉಳಿದ. ಉದ್ದಕ್ಕೆ ಎರಡು ಪಕ್ಕದ ಗೋಡೆ, ಒಂದೊಂದೂ ಎರಡು ಮೊಳ ದಪ್ಪ. ಎದುರಿಗೆ ಮೂರು ಅಂತಸ್ತಿನ ಮುಖದ ಗೋಡೆ. ಅದರ ನಡುವೆ ಸಂತ ಸೆಬಾಸ್ಟಿಯನ್ನನ ಮೂರ್ತಿಗೆ ಗೂಡು, ಗೂಡಿನ ಸುತ್ತ ಗಾರೆಯಲ್ಲೇ ತೀಡಿದ ಬಳ್ಳಿ. ಪಾದ್ರಿ ಗೋವೆಯ ಯಾವುದೋ ಇಗರ್ಜಿಯ ಚಿತ್ರ ತೋರಿಸಿದ್ದನಂತೆ. ಚಿತ್ರದಲ್ಲಿದ್ದದ್ದು ಯಾವ ಬಳ್ಳಿಯೋ ತಿಳಿಯದೆ ದಸ್ತಗೀರಸಾಬ ತನ್ನ ಹಿತ್ತಿಲಿನ ಹೀರೆಬಳ್ಳಿಯನ್ನೇ ಅಲ್ಲಿ ಮೂಡಿಸಿಬಿಟ್ಟ. ಅದರಲ್ಲಿ ಕಾಯಿಯೂ ಇದೆ, ಬೇಕಾದರೆ ಹೋಗಿ ನೋಡಿ.

ಖಾನಾಪುರದ ಕಡೆಯ ಮಳೆ ಹುಡುಗಾಟದ್ದಲ್ಲ. ಜೂನಿನಲ್ಲಿ ಹಿಡಿದರೆ ದಸರೆ ಹತ್ತಿರ ಬಂದರೂ ಬಿಡುವುದಿಲ್ಲ. ಅದಕ್ಕೇ ದಸ್ತಗೀರಸಾಬನದು ಒಂದು ಕಟ್ಟುನಿಟ್ಟು: ಮಳೆ ಕುಡಿದ ಗೋಡೆಯನ್ನು ಹೋಳಿ ಹುಣ್ಣಿಮೆಯ ತನಕ ಮುಟ್ಟಕೂಡದು. ಜಂಬಿಟ್ಟಿಗೆ ಕಲ್ಲು ಹೀರಿಕೊಂಡ ನೀರನ್ನು ಬಿಸಿಲೇರುವಾಗ ಸುಣ್ಣದ ಮೈಯಿಂದ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಅದಕ್ಕೂ ಮೊದಲೇ ಮೇಲೆ ಏನಾದರೂ ಮೆತ್ತಿ ಮುಚ್ಚಿದರೆ ನೀರು ಒಳಗೇ ಉಳಿದು ಕಲ್ಲು ಕೊಳೆಯುತ್ತದೆ. ಅಲ್ಲಾಭಕ್ಷ ಇಪ್ಪತ್ತು ವರ್ಷದವನಿದ್ದಾಗ ಸಂಕ್ರಮಣಕ್ಕೇ ಒಂದು ಗೋಡೆಗೆ ಗಾರೆ ಹಚ್ಚಲು ಹೋಗಿ ಹತ್ತು ಆಳುಗಳ ಎದುರಿಗೆ ಅಪ್ಪನ ಕೈಲಿ ಕಪಾಳಕ್ಕೆ ತಿಂದಿದ್ದ.

ಅಪ್ಪ 1993ರಲ್ಲಿ ತೀರಿಕೊಂಡ. ಅಷ್ಟೊತ್ತಿಗೆ ಸುಣ್ಣವನ್ನು ಕೇಳುವವರೇ ಇರಲಿಲ್ಲ. ಗಾಣದ ಕಲ್ಲು ಅಂಗಳದಲ್ಲಿ ಕೋಳಿ ಕೂರುವ ಜಾಗವಾಗಿತ್ತು. ಬೆಳಗಾವಿಯ ಕ್ಯಾಂಪಿನಲ್ಲಿ ಕೆಲಸಕ್ಕೆ ಹೋದರೆ ಅಲ್ಲಿಯ ಗೌಂಡಿಗಳು ಅಲ್ಲಾಭಕ್ಷನನ್ನು ‘ಸುಣ್ಣದ ಸಾಬ’ ಅಂತ ಕರೆದು ನಗುತ್ತಿದ್ದರು. ಅವರ ಜೊತೆ ಅವನೂ ನಗುತ್ತಿದ್ದ. ಆದರೆ ಒಳಗೊಳಗೆ ತನಗೂ ಸಿಮೆಂಟು ಬರುತ್ತದೆ ಅಂತ ಒಮ್ಮೆ ತೋರಿಸಿಕೊಡಬೇಕು ಅನ್ನುವ ಹಟ ಬೆಳೆಯಿತು. ಹಾಳು ಹಟ.

1998ರ ಅಕ್ಟೋಬರಿನಲ್ಲಿ ಕುವೈತಿನಿಂದ ಕಾಯ್ತಾನ ಮಿನೇಜಿಸ್ ರಜೆಯ ಮೇಲೆ ಬಂದ. ತೋರಣವಾಡಿಯ ಹುಡುಗನೇ, ಈಗ ದೊಡ್ಡ ಕುಳ. ಬಂದವನು ಇಗರ್ಜಿಯ ಪಕ್ಕದ ಗೋಡೆಗಳ ಪಾಚಿ ನೋಡಿ ಮೂಗು ಮುರಿದ. ಮೂರನೆಯ ದಿನ ಲಾರಿ ತುಂಬ ಸಿಮೆಂಟು ಬಂದು ಇಳಿಯಿತು. ಅಲ್ಲಾಭಕ್ಷನಿಗೆ ಕರೆ ಹೋಯಿತು.

“ನಾತಾಳ ಹಬ್ಬಕ್ಕ ಇಗರ್ಜಿ ಹೊಸಾದರಂಗ ಕಾಣಬೇಕು ಉಸ್ತಾದ,” ಅಂದ ಕಾಯ್ತಾನ.

“ಗ್ವಾಡಿ ಇನ್ನೂ ಹಸಿ ಐತ್ರಿ. ಹೋಳಿ ಆದ ಮ್ಯಾಲ ಹಚ್ಚೂಣು.”

“ಹೋಳಿ ಮಟಾ ನಾ ಇಲ್ಲಿ ಏನ ಮಾಡಲಿ ಮಾರಾಯಾ? ನನ್ನ ರಜಾ ಡಿಸೆಂಬರಕ್ಕ ಮುಗೀತೈತಿ. ನಿಮ್ಮ ಕೈಲಿ ಆಗೂದಿಲ್ಲಂದ್ರ ಹೇಳ್ರಿ, ಬೆಳಗಾವಿಯವರನ್ನ ಕರಸ್ತೇನಿ.”

ಆ ಕೊನೆಯ ಮಾತೊಂದು ಸಾಕಾಯಿತು. ಅಲ್ಲಾಭಕ್ಷ ಒಪ್ಪಿಕೊಂಡ. ಪಕ್ಕದ ಎರಡೂ ಗೋಡೆಗೆ ಒಳಗೂ ಹೊರಗೂ ಸಿಮೆಂಟಿನ ಗಿಲಾವು ಬಳಿದ. ಕನ್ನಡಿ ಹಿಡಿದಂತೆ ನುಣ್ಣಗೆ ಬಂತು. ಮುಖದ ಗೋಡೆಗೆ ಹೀರೆಬಳ್ಳಿ, ಗೂಡು ಅಂತ ತೊಡಕು ಬಹಳ. ಕ್ರಿಸ್‌ಮಸ್ ಹಬ್ಬ ಬಂದೇಬಿಟ್ಟಿತು, ಅದೊಂದನ್ನು ಹಾಗೇ ಬಿಟ್ಟು ಬರೀ ಸುಣ್ಣ ಹೊಡೆದ. ಕಾಯ್ತಾನನ ಹೆಸರಿನ ಅಮೃತಶಿಲೆಯ ಹಲಗೆ ಬಾಗಿಲ ಬಳಿ ಕೂತಿತು. ಅದನ್ನು ಕೂರಿಸಿದವನೂ ಅಲ್ಲಾಭಕ್ಷನೇ. ಎಲ್ಲರೂ ಬೆನ್ನು ತಟ್ಟಿದರು. ಅವನಿಗೂ ಅವತ್ತು ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ಗಿಲಾವಿನ ಮೇಲೆ ಉಪ್ಪು ಅರಳಿತು, ಬಣ್ಣ ಹಪ್ಪಳ ಎದ್ದಿತು, ಬಡಿದರೆ ಅಲ್ಲಲ್ಲಿ ಪೊಳ್ಳು ಸದ್ದು. ಪ್ರತಿ ವರ್ಷ ಬಣ್ಣ ಬಳಿಯಲು ಅವನನ್ನೇ ಕರೆಯುತ್ತಿದ್ದರು. ಪ್ರತಿ ವರ್ಷ ಹೋಗಿ, ನೋಡಿ, ಪೊಳ್ಳು ಮುಚ್ಚಿ, ಬಣ್ಣ ಬಳಿದು ಬಂದ. ಬಾಯಿ ಬಿಡಲಿಲ್ಲ. ‘ಇದು ನನ್ನಿಂದ ಆದದ್ದು’ ಅಂತ ಹೇಳಲು ಇಪ್ಪತ್ತು ವರ್ಷ ನಾಲಗೆಯೇ ಏಳಲಿಲ್ಲ ಆ ಮನುಷ್ಯನಿಗೆ!

2019ರ ಆಗಸ್ಟಿನ ಮಳೆ ನಿಮಗೆ ನೆನಪಿರಬೇಕು. ಒಂದು ಬುಧವಾರ ಮಧ್ಯಾಹ್ನ ಉತ್ತರದ ಗೋಡೆ ಕುಸಿಯಿತು, ಅದರ ಹಿಂದೆ ಮಾಡು, ಮಾಡಿನ ಹಿಂದೆ ದಕ್ಷಿಣದ ಗೋಡೆ. ದೇವರು ದೊಡ್ಡವನು, ಒಳಗೆ ಯಾರೂ ಇರಲಿಲ್ಲ. ಮುಖದ ಗೋಡೆ ಮಾತ್ರ ಗೂಡು, ಸಂತ, ಹೀರೆಕಾಯಿ ಸಮೇತ ಜಗ್ಗದೆ ನಿಂತಿತ್ತು.

ಮಳೆ ತುಸು ಹೊಳವಾದ ದಿನ ಅಲ್ಲಾಭಕ್ಷ ಹೋದ. ಬಿದ್ದ ಗೋಡೆಯ ತುಂಡಿಗೆ ಕೈ ಹಾಕಿದ. ಕಲ್ಲು ಹಿಟ್ಟಿನ ಹಾಗೆ ಬೆರಳಿಗೆ ಬಂತು. ಕಲ್ಲಿನ ನಡುವೆ ಅಪ್ಪ ಹಾಕಿದ್ದ ಸುಣ್ಣದ ಗಾರೆ ಸುತ್ತಿಗೆಗೂ ಬಗ್ಗದಷ್ಟು ಗಟ್ಟಿಯಾಗಿತ್ತು. ಅಲ್ಲೇ ರಾಡಿಯಲ್ಲಿ ಕೂತು ಮಗುವಿನ ಹಾಗೆ ಅತ್ತ. ಊರವರು ಪಾಪ, ಇಗರ್ಜಿ ಬಿದ್ದದ್ದಕ್ಕೆ ಸಾಬರು ಅಳುತ್ತಿದ್ದಾರೆ ಅಂದುಕೊಂಡು ಚಹಾ ತಂದುಕೊಟ್ಟರು.

ಆಮೇಲೆ ಶುರುವಾಯಿತು ಮಾತು. ಬಸ್ಸಿನಲ್ಲಿ, ಸಂತೆಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಒಂದೇ ಮಾತು: ದಸ್ತಗೀರಸಾಬನ ಸುಣ್ಣ ಕೈಕೊಟ್ಟಿತು, ಹಳೇ ಕಾಲದ ಕೆಲಸ, ಎಷ್ಟು ದಿನ ನಿಂತೀತು. ತನ್ನನ್ನು ಬೈದಿದ್ದರೆ ಅಲ್ಲಾಭಕ್ಷ ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದ. ಬೈಸಿಕೊಳ್ಳುತ್ತಿದ್ದವನು ಮಣ್ಣಿನೊಳಗಿದ್ದ ಅಪ್ಪ. ಇನ್ನು ಸುಮ್ಮನಿದ್ದರೆ ತಾನು ಮನುಷ್ಯನೇ ಅಲ್ಲ ಅನಿಸಿತು ಅವನಿಗೆ. ಅಪ್ಪನ ಹೆಸರನ್ನು ಶುದ್ಧ ಮಾಡಿಯೇ ಸಾಯಬೇಕು ಅಂತ ನಿಶ್ಚಯಿಸಿದ. ಆದರೆ ಕಟಿಂಗ್ ಅಂಗಡಿಯಲ್ಲಿ ನಿಂತು ಕೂಗಿದರೆ ಯಾರು ಕೇಳುತ್ತಾರೆ?

ಕೇಳುವವನೊಬ್ಬ ತಾನಾಗಿಯೇ ಮನೆಗೆ ಬಂದ. ಹೊಸ ಇಗರ್ಜಿಯ ನಕ್ಷೆ ಮಾಡಿದ್ದ ಬೆಳಗಾವಿಯ ಎಂಜಿನಿಯರ್ ಚೇತನ. ಹಳೆಯ ಮುಖದ ಗೋಡೆಯನ್ನು ಉಳಿಸಿಕೊಂಡು ಅದರ ಹಿಂದೆ ಕಾಂಕ್ರೀಟು ಕಂಬ, ಗ್ರಾನೈಟು ನೆಲ, ಬಣ್ಣದ ಗಾಜು ಅಂತ ದೊಡ್ಡ ಕಟ್ಟಡ ಏಳುತ್ತಿತ್ತು. ಉದ್ಘಾಟನೆಗೆ ಒಂದು ಸ್ಮರಣ ಸಂಚಿಕೆ, ಅದರಲ್ಲಿ ಇಗರ್ಜಿ ಕಟ್ಟಿದ ಇತಿಹಾಸ. ಬರೆಯುವ ಕೆಲಸ ಚೇತನನದು.

“ಕಾಕಾ, ನಿಮ್ಮ ತಂದೀಯವರು ಕಟ್ಟಿದ್ದಂತಲ್ಲ. ಎಲ್ಲಾ ಹೇಳ್ರಿ,” ಅಂದು ಫೋನು ಚಾಲೂ ಮಾಡಿ ನಡುವೆ ಇಟ್ಟ.

ಅಲ್ಲಾಭಕ್ಷ ಎರಡು ತಾಸು ಮಾತಾಡಿದ. ಗಾಣ, ಬೆಲ್ಲ, ಕಪಾಳದ ಏಟು, ಕುವೈತಿನ ರಜೆ, ಹಸಿ ಗೋಡೆ, ಇಪ್ಪತ್ತು ವರ್ಷದ ತನ್ನ ಮೌನ, ಏನೊಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಕೈ ಮುಗಿದು ಹೇಳಿದ: “ತಪ್ಪು ನಂದು ಸಾಹೇಬ್ರ. ನನ್ನ ಹೆಸರು ಹಾಕಿ ಬರೀರಿ. ನಮ್ಮಪ್ಪನ ಕೆಲಸದಾಗ ಐಬು ಇರಲಿಲ್ಲ ಅಂತ ಮೊದಲ ಬರೀರಿ, ಆಮ್ಯಾಲ ನನಗ ಏನ ಬೇಕಾದ್ದು ಅನ್ರಿ.”

“ಬರೀತೇನಿ ಕಾಕಾ. ಆ ಮುಖದ ಗ್ವಾಡೀನ ಸಾಕ್ಷಿ ಹೇಳ್ತೈತಲ್ಲ. ಸಿಮೆಂಟ ಹಚ್ಚಲಾರದ್ದು ಅದೊಂದ, ನಿಂತದ್ದೂ ಅದೊಂದ,” ಅಂದ ಚೇತನ. ಅಷ್ಟು ಕೇಳಿ ಅಲ್ಲಾಭಕ್ಷ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದ.

2024ರ ಜನವರಿಯಲ್ಲಿ ಸಂತನ ಹಬ್ಬದ ದಿನವೇ ಉದ್ಘಾಟನೆ. ಬಿಷಪ್ಪರು ಬಂದಿದ್ದರು, ಕುವೈತಿನಿಂದ ಕಾಯ್ತಾನ ಬಂದಿದ್ದ. ಊರಿನ ಗುರುಗಳು ಫಾದರ್ ಜೆರ್ವಾಸ್ ಅಲ್ಲಾಭಕ್ಷನ ಹೆಸರು ಕೂಗಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ ಅಲ್ಲಾಭಕ್ಷ ವೇದಿಕೆಯ ಮೆಟ್ಟಿಲು ಹತ್ತಿದ. ಕೊಂಕಣಿಯಲ್ಲಿ ಏನೋ ಹೇಳಿದರು, ಅದರಲ್ಲಿ ಅಪ್ಪನ ಹೆಸರು ಬಂತು, ತನ್ನ ಹೆಸರು ಬಂತು. ಜನ ಚಪ್ಪಾಳೆ ತಟ್ಟಿದರು. ಕಾಯ್ತಾನನೇ ಎದ್ದು ಬಂದು ಶಾಲು ಹೊದಿಸಿ ತಬ್ಬಿಕೊಂಡ. ಅವಸರ ಮಾಡಿದ ಅವನ ತಪ್ಪನ್ನೂ ಚೇತನನಿಗೆ ಹೇಳಿ ಬರೆಸಿದ ಮೇಲೂ ಈ ಮನುಷ್ಯ ತಬ್ಬಿಕೊಂಡನಲ್ಲ, ಎಷ್ಟು ದೊಡ್ಡ ಮನಸ್ಸು ಅಂದುಕೊಂಡು ಅಲ್ಲಾಭಕ್ಷನ ಕಣ್ಣು ತುಂಬಿ ಬಂದವು. ಆ ಗಳಿಗೆಯ ಫೋಟೊವನ್ನೇ ಆಮೇಲೆ ಪತ್ರಿಕೆಯವರು ಹಾಕಿದ್ದು.

ಬಸ್ಸಿನಲ್ಲಿ, ಅಲ್ಲಿ ಹಂಚಿದ ಸ್ಮರಣ ಸಂಚಿಕೆಯ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಮನೆಗೆ ಬಂದ. ನಸೀಬಾ ದೇಸೂರಿನವಳು, ಅಲ್ಲಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು. ಮನೆಯಲ್ಲಿ ಅವರದು ಉರ್ದುವೇ. ಆದರೆ ಸಿಟ್ಟು ಬಂದರೆ, ಸಂತೋಷ ಹೆಚ್ಚಾದರೆ ಅವಳಿಗೆ ದೇಸೂರಿನ ಕನ್ನಡವೇ ಬೇಕು. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತಳು.

“ಸಾವಕಾಶ ಓದು. ಒಂದ ಅಕ್ಷರ ಬಿಡಬ್ಯಾಡ,” ಅಂದ ಅಲ್ಲಾಭಕ್ಷ.

ಹುಲ್ಲಿನ ಚಪ್ಪರದಿಂದ ಓದಿದಳು. ಚಕ್ಕಡಿ ಬಂತು, ಕಲ್ಲು ಬಂತು, ‘ದಸ್ತಗೀರಸಾಬ’ ಅಂತ ಬಂದಾಗ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. ಆಮೇಲೆ ಒಮ್ಮೆಲೇ ನಿಲ್ಲಿಸಿದಳು. ಕಣ್ಣು ಮಾತ್ರ ಕೆಳಗಿನ ಸಾಲುಗಳ ಮೇಲೆ ಓಡಿತು.

“ಮುಂದ ಏನಿಲ್ಲ ಬಿಡ್ರಿ. ಬರೇ ದೇವರ ಸ್ತೋತ್ರ ಐತಿ.”

“ನಸೀಬಾ, ಓದು.”

ಅವಳು ಓದಿದಳು. “ಸ್ಥಳೀಯ ಗೌಂಡಿ ದಸ್ತಗೀರಸಾಬ ಎಂಬವರು ಹಳೆಯ ಪದ್ಧತಿಯ ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಗಳು ಆರಂಭದಿಂದಲೇ ದುರ್ಬಲವಾಗಿದ್ದವು. 1998ರಲ್ಲಿ ಮಹಾದಾನಿ ಶ್ರೀ ಕಾಯ್ತಾನ ಮಿನೇಜಿಸ್ ಅವರ ನೆರವಿನಿಂದ ಸಿಮೆಂಟಿನ ಗಿಲಾವು ಮಾಡಿಸಿದ್ದರಿಂದ ಅವು ಇನ್ನೂ ಇಪ್ಪತ್ತೊಂದು ವರ್ಷ ಬಾಳಿದವು. ಮುಖದ ಗೋಡೆಯೊಂದು ಉಳಿದದ್ದು ಸಂತರ ಪವಾಡ. ಈ ವಿವರಗಳನ್ನು ದಸ್ತಗೀರಸಾಬರ ಮಗ, ಅನುಭವಿ ಗೌಂಡಿ ಶ್ರೀ ಅಲ್ಲಾಭಕ್ಷ ಅವರೇ ನಮಗೆ ತಿಳಿಸಿದ್ದಾರೆ.”

ಕಡೆಯ ಸಾಲನ್ನು ಅಲ್ಲಾಭಕ್ಷ ಇನ್ನೊಮ್ಮೆ ಓದಿಸಿದ. ಇನ್ನೊಮ್ಮೆ ಓದಿದರೆ ಬೇರೆ ಬರುತ್ತದೆಯೇ? ನಸೀಬಾ ಪುಸ್ತಕ ಮುಚ್ಚಿಟ್ಟು, “ಇವರ ಬಾಯಾಗ ಮಣ್ಣ ಬೀಳಲಿ, ಸತ್ತ ಮಾವನ ಮ್ಯಾಲ ಮಗನ ಕೈಲೇ ಕೆಸರು ಹಾಕಿಸಿದರಲ್ಲ!” ಅಂತ ಶುರು ಮಾಡಿದವಳು ಸಂಜೆಯ ತನಕ ನಿಲ್ಲಿಸಲಿಲ್ಲ.

ಚೇತನನಿಗೆ ಫೋನು ಮಾಡಿದರೆ, “ನಾ ಬರೆದದ್ದ ಬ್ಯಾರೆ ಇತ್ತು ಕಾಕಾ. ಇಗರ್ಜಿ ಸಮಿತಿಯವರು ತಿದ್ಯಾರ. ನನ್ನ ಕೈಯಾಗ ಏನೂ ಇರಲಿಲ್ಲ,” ಅಂದು ಕೈ ತೊಳೆದುಕೊಂಡ. ಮರುದಿನ ಅಲ್ಲಾಭಕ್ಷ ಮೊದಲ ಬಸ್ಸಿಗೇ ತೋರಣವಾಡಿಗೆ ಹೋದ. ಫಾದರ್ ಜೆರ್ವಾಸ್ ಕೆಟ್ಟ ಮನುಷ್ಯನಲ್ಲ, ಅದೇ ತೊಂದರೆ. ಕುರ್ಚಿ ಹಾಕಿದರು, ನೀರು ಕೊಟ್ಟರು.

“ಉಸ್ತಾದ, ನಾವು ನಿಮ್ಮ ಒಳ್ಳೇದಕ್ಕ ಮಾಡೇವಿ,” ಅಂದರು. “ನೀವು ಹೇಳಿದಂಗ ಬರೆದಿದ್ರ ಇಗರ್ಜಿ ಕೆಡವಿದಾಂವ ಅಂತ ಊರೆಲ್ಲ ನಿಮ್ಮನ್ನ ಅಂತಿತ್ತು. ಕಾಯ್ತಾನ ಅವರೂ ಭಾಳ ನೊಂದ್ಕೋತಿದ್ರು, ಹೊಸಾ ಕಟ್ಟಡದಾಗ ಅರ್ಧಾ ರೊಕ್ಕ ಅವರದ ಐತಿ. ಇನ್ನ ನಿಮ್ಮ ತಂದಿ ಹೋಗಿ ಮೂವತ್ತು ವರ್ಷದ ಮ್ಯಾಲಾತು. ಅವರಿಗೆ ಇದರಿಂದ ಏನ ಆಗೂದೈತ್ರಿ?”

ಅಲ್ಲಾಭಕ್ಷ ನೀರಿನ ಲೋಟವನ್ನು ಮೇಜಿನ ಮೇಲೆ ಇಟ್ಟ. ದನಿ ಏರಿಸಲಿಲ್ಲ.

“ಫಾದರ್, ನಿಮ್ಮ ಮಂದಿ ಬಂದು ಮೊಳಕಾಲೂರಿ ತಮ್ಮ ತಮ್ಮ ತಪ್ಪು ಹೇಳ್ಕೋತಾರ, ನೀವು ಕೇಳ್ತೀರಿ. ನಾ ನಿಮ್ಮ ಮಂದಿ ಅಲ್ಲ. ಆದ್ರೂ ನಿಮ್ಮ ಪುಸ್ತಕಕ್ಕ ನನ್ನ ತಪ್ಪು ನಾ ಹೇಳ್ಕೊಂಡೆ. ನೀವು ಅದನ್ನ ತಗೊಂಡು ನಮ್ಮಪ್ಪನ ತಲಿಗೆ ಕಟ್ಟಿದ್ರಿ. ಇದು ಯಾವ ನ್ಯಾಯರೀ?”

ಎರಡು ಸಾವಿರ ಪ್ರತಿ ಹಂಚಿ ಆಗಿದೆ, ಗೋವೆಗೆ, ಕುವೈತಿಗೆ ಎಲ್ಲ ಹೋಗಿದೆ, ಇನ್ನು ಮುಂದೆ ಎಂದಾದರೂ ಪುಸ್ತಕ ಮಾಡಿದರೆ ಸರಿಪಡಿಸೋಣ ಅಂದರು ಫಾದರ್. ಎಪ್ಪತ್ತೆರಡು ವರ್ಷದವನಿಗೆ ಹೇಳುವ ಮಾತೇ ಅದು?

ಇಷ್ಟಕ್ಕೇ ಮುಗಿದಿದ್ದರೆ ಅವಮಾನ ನುಂಗಿಕೊಂಡು ಇದ್ದುಬಿಡುತ್ತಿದ್ದನೇನೋ. ಅದೇ ವರ್ಷ ಅಕ್ಟೋಬರಿನಲ್ಲಿ ಗುರುಪಾದಪ್ಪ ಅನ್ನುವ ಹಿರಿಯರು ಮನೆಗೆ ಬಂದರು. ಖಾನಾಪುರದ ಪಕ್ಕದ ಹಳ್ಳಿಯ ಮಠವನ್ನು ನೋಡಿಕೊಳ್ಳುವವರು. ಇಗರ್ಜಿ ಮುಗಿದ ಮರು ವರ್ಷವೇ ದಸ್ತಗೀರಸಾಬ ಕಟ್ಟಿದ ಮಠ ಅದು, ಅದೇ ಕಲ್ಲು, ಅದೇ ಸುಣ್ಣ. ಅರವತ್ತೈದು ಮಳೆಗಾಲ ಕಂಡರೂ ಒಂದು ಬಿರುಕಿಲ್ಲ.

“ಸಾಬರ, ನಿಮ್ಮ ಕಡಿಂದ ಒಂದ ಕೆಲಸ ಆಗಬೇಕು,” ಅಂದರು ಗುರುಪಾದಪ್ಪ. “ಮಠದ ಗ್ವಾಡಿ ಎಲ್ಲಾ ಸಿಮೆಂಟ ಗಿಲಾವು ಮಾಡಸೂದೈತಿ. ಮಾಲು ಬಂದು ಬಿದ್ದೈತಿ. ದೀಪಾವಳಿ ಒಳಗ ಮುಗಿಸಿಕೊಡ್ರಿ.”

“ಆ ಗ್ವಾಡಿಗೆ ಏನಾಗೇತ್ರಿ ಈಗ?”

“ಏನೂ ಆಗಿಲ್ಲ. ಆಗೂದು ಬ್ಯಾಡಂತ ಮಾಡಸಾಕತ್ತೇವಿ. ಆ ಪುಸ್ತಕ ಓದೇನಲ್ಲ ನಾ. ನಿಮ್ಮ ತಂದೀಯವರ ಸುಣ್ಣ ಗಟ್ಟಿ ಇರಲಿಲ್ಲಂತ ನೀವ ಹೇಳೀರಿ. ಸ್ವಂತ ಮಗಾನ ಹೇಳಿದ ಮ್ಯಾಲ ಇನ್ನ ಯಾರನ್ನ ಕೇಳೂದು?”

ಅಲ್ಲಾಭಕ್ಷ ಎದ್ದು ನಿಂತುಬಿಟ್ಟ. ಅದು ಸುಳ್ಳು ಅಂದ. ಸಿಮೆಂಟು ಹಚ್ಚಿದರೆ ಮಠವೂ ಬೀಳುತ್ತದೆ ಅಂದ. ಎಲ್ಲವನ್ನೂ ಮೊದಲಿನಿಂದ ಹೇಳಿದ. ಗುರುಪಾದಪ್ಪ ಸಮಾಧಾನದಿಂದಲೇ ಕೇಳಿದರು. ಕೇಳಿ, “ವಯಸ್ಸಾದಂಗ ತಂದಿ ಮ್ಯಾಲ ಜೀವ ಹೆಚ್ಚಾಗತೈತಿ, ನನಗೂ ಹಂಗ ಐತಿ. ಆದ್ರ ಸಾಬರ, ಪುಸ್ತಕದಾಗ ನಿಮ್ಮ ಹೆಸರೈತಿ. ಶಾಲು ಹೊಚಗೊಂಡು ನಕ್ಕೋಂತ ನಿಂತದ್ದು ಪೇಪರದಾಗ ಎಲ್ಲಾರೂ ನೋಡ್ಯಾರ. ಈಗ ಸುಳ್ಳಂದ್ರ ಹೆಂಗ?” ಅಂದರು. ನಸೀಬಾ ಒಳಗಿನಿಂದ ಬಂದು ಏನೋ ಹೇಳಲು ಹೋದಳು. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಯಾಗಿತ್ತು.

ಕೆಲಸವನ್ನು ಗುರುಸಿದ್ದ ಹಿಡಿದ. ಅಲ್ಲಾಭಕ್ಷನ ಕೈಕೆಳಗೇ ಕರಣಿ ಹಿಡಿಯಲು ಕಲಿತವನು ಅವನು, ಈಗ ಹನ್ನೆರಡು ಆಳಿನ ಮೇಸ್ತ್ರಿ. ಮೊದಲ ದಿನವೇ ಅಲ್ಲಾಭಕ್ಷ ಅಲ್ಲಿಗೆ ಹೋಗಿ ಅವನ ಕೈ ಹಿಡಿದುಕೊಂಡ.

“ಗುರುಸಿದ್ದಾ, ಗ್ವಾಡಿ ಹಸಿ ಐತೋ ಯಪ್ಪಾ. ಹೋಳಿ ಮಟಾ ತಡಿ. ಅಷ್ಟರಾಗ ನಾ ಗುರುಪಾದಪ್ಪಗ ಹೇಳಿ ಒಪ್ಪಸ್ತೇನಿ.”

ಗುರುಸಿದ್ದ ಒರಟನಲ್ಲ. ಕೈ ಬಿಡಿಸಿಕೊಳ್ಳಲಿಲ್ಲ. “ಕಾಕಾ, ಸಿಮೆಂಟ ಹಚ್ಚಿದ್ರ ಇಪ್ಪತ್ತೊಂದು ವರ್ಷ ಬಾಳತೈತಿ ಅಂತ ಪುಸ್ತಕದಾಗ ನೀವ ಹೇಳೀರಲ್ಲ. ನನಗ ಅಷ್ಟು ಸಾಕ್ರಿ,” ಅಂದ. ಅಂದವನು ಒಬ್ಬ ಆಳಿಗೆ ಹೇಳಿ ಮಠದ ಕಟ್ಟೆಯ ನೆರಳಿನಲ್ಲಿ ಅವನಿಗೊಂದು ಕುರ್ಚಿ ಹಾಕಿಸಿದ.

ಅಲ್ಲಾಭಕ್ಷ ಆ ಕುರ್ಚಿಯ ಮೇಲೆ ಕೂತ. ಎದ್ದು ಹೋಗಲೂ ಆಗಲಿಲ್ಲ, ನೋಡಲೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಅಪ್ಪ ಕಟ್ಟಿದ ಹಸಿ ಕಲ್ಲು ಚೂರೂ ಕಾಣದಂತೆ, ಒಂದು ಪಕ್ಕದ ಗೋಡೆಗೆ ಗಿಲಾವು ಮುಗಿದಿತ್ತು. ಆಳುಗಳು ಕೈಕಾಲು ತೊಳೆದುಕೊಂಡು ಬುತ್ತಿ ಬಿಚ್ಚಿದರು, ಅವನನ್ನೂ ಊಟಕ್ಕೆ ಕರೆದರು.